ಇನ್ನೊಂದು ಸೈಕಲ್ ಬೇಕಾಗಿದೆ

ಸೈಕಲ್ ಕೊಳ್ಳಲು ಹೋದವರನ್ನು ಈಗ ಯಾರೂ 'ಯಾವ ಬಣ್ಣ ಬೇಕು' ಎಂದು ಕೇಳುವುದಿಲ್ಲ. 'ನೀವು ಯಾವ ಥರದ ರೈಡರ್?' ಎಂದು ಕೇಳುತ್ತಾರೆ. ನಾನು ಯಾರು ಎಂಬ ಪ್ರಶ್ನೆ ಹಿಡಿದುಕೊಂಡು ಋಷಿಗಳು ಗುಹೆ ಸೇರುತ್ತಿದ್ದರಂತೆ. ನಮಗೆ ಅಷ್ಟು ಪುರುಸೊತ್ತಿಲ್ಲ, ಅಂಗಡಿ ಮುಚ್ಚುವುದರೊಳಗೆ ಉತ್ತರ ಕೊಡಬೇಕು. 'ಸುಮ್ನೆ ಆಫೀಸಿಗೆ ಹೋಗಿ ಬರೋಕೆ, ಭಾನುವಾರ ಒಂದು ಸುತ್ತು ಹೊಡೆಯೋಕೆ' ಎಂದು ಇದ್ದದ್ದು ಇದ್ದ ಹಾಗೆ ಹೇಳಿದರೆ ಎದುರಿಗಿದ್ದವರ ಮುಖದಲ್ಲಿ ಕನಿಕರ ಮೂಡುತ್ತದೆ. ಪಾಪ, ತಮಗೆ ಎರಡು ಸೈಕಲ್ ಬೇಕು ಅನ್ನೋದು ಇವರಿಗಿನ್ನೂ ಗೊತ್ತೇ ಆಗಿಲ್ಲ!

ಟಾರು ರಸ್ತೆಗೆ ರೋಡ್ ಬೈಕ್. ಗುಡ್ಡಕ್ಕೆ ಮೌಂಟನ್ ಬೈಕ್. ಎರಡರ ನಡುವೆ ಹೈಬ್ರಿಡ್. ರೋಡ್ ಬೈಕಿಗೂ ಹೈಬ್ರಿಡ್ಡಿಗೂ ನಡುವೆ ಒಂದು ಸಂದು ಉಳಿದಿತ್ತು, ಅಲ್ಲಿಗೆ ಫಿಟ್‌ನೆಸ್ ಬೈಕ್ ಬಂತು. ಇನ್ನೊಂದು ಕಡೆ ಜಲ್ಲಿ ಹಾಕಿ ಟಾರು ಮರೆತ ರಸ್ತೆಗಳಿಗೆಂದೇ ಗ್ರಾವೆಲ್ ಬೈಕ್ ಬಂತು. ಮೌಂಟನ್ ಬೈಕಿನ ಮನೆಯೊಳಗೇ ಕ್ರಾಸ್ ಕಂಟ್ರಿ, ಟ್ರೇಲ್, ಎಂಡ್ಯೂರೋ, ಡೌನ್‌ಹಿಲ್ ಎಂದು ಪಾಲಾಗಿದೆ. ಇದರಲ್ಲಿ ಡೌನ್‌ಹಿಲ್ ನನಗೆ ಬಹಳ ಇಷ್ಟ. ಅದು ಗುಡ್ಡ ಇಳಿಯಲು ಮಾತ್ರ ಇರುವ ಸೈಕಲ್. ಮೇಲಕ್ಕೆ ಹೋಗಬೇಕಾದರೆ ಅದನ್ನು ಲಿಫ್ಟಿನಲ್ಲೋ ಗಾಡಿಯಲ್ಲೋ ಹೇರಿಕೊಂಡು ಹೋಗಬೇಕು.

ಚಕ್ರದ ಅಳತೆಯ ಕಥೆ ಇನ್ನೂ ಚೆನ್ನ. ರೋಡ್ ಬೈಕಿನ ಚಕ್ರ 700ಸಿ, ಮೌಂಟನ್ ಬೈಕಿನದು 29 ಇಂಚು, ಕೆಲವು ಸಿಟಿ ಸೈಕಲ್‌ಗಳದು 28 ಇಂಚು. ಮೂರರಲ್ಲೂ ರಿಮ್ಮಿನ ಮೇಲೆ ಟೈರ್ ಕೂರುವ ವ್ಯಾಸ ಒಂದೇ, 622 ಮಿಲಿಮೀಟರ್. ಒಂದೇ ಚಕ್ರಕ್ಕೆ ಮೂರು ಹೆಸರು. 29 ಇಂಚು 28ಕ್ಕಿಂತ ಎಷ್ಟು ಚೆನ್ನಾಗಿ ಉರುಳುತ್ತದೆ ಎಂದು ಯಾರಾದರೂ ವಿವರಿಸಲು ಶುರು ಮಾಡಿದರೆ ತಲೆಯಾಡಿಸಿ. ಅಳತೆ ಟೇಪು ಹೊರಗೆ ತೆಗೆಯಬೇಡಿ.

ಟೈರ್ ವಿಷಯದಲ್ಲೂ ಅಷ್ಟೇ. ಟೈರ್ ಸಣ್ಣಗಿದ್ದಷ್ಟೂ, ಗಾಳಿ ಕಲ್ಲಿನ ಹಾಗೆ ಬಿಗಿಯಾದಷ್ಟೂ ವೇಗ ಜಾಸ್ತಿ ಎಂದು ವರ್ಷಗಟ್ಟಲೆ ಹೇಳಿದರು. ನಂಬಿದವರು 23 ಮಿಲಿಮೀಟರ್ ಟೈರಿನ ಮೇಲೆ ಕೂತು, ರಸ್ತೆಯ ಪ್ರತಿಯೊಂದು ಹರಳನ್ನೂ ಬೆನ್ನುಮೂಳೆಯಲ್ಲಿ ಎಣಿಸಿದರು. ಈಗ ರೇಸಿನವರೇ 28, 30 ಎಂದು ದಪ್ಪ ಟೈರ್ ಹಾಕುತ್ತಿದ್ದಾರೆ. ಸ್ವಲ್ಪ ಮೆತ್ತಗಿದ್ದರೆ ಟೈರ್ ರಸ್ತೆಯ ಉಬ್ಬುತಗ್ಗನ್ನು ನುಂಗಿಕೊಂಡು ಸಲೀಸಾಗಿ ಉರುಳುತ್ತದಂತೆ. ದಿನಾ ಸೈಕಲ್ ಹೊಡೆಯುವ ಪೋಸ್ಟ್‌ಮ್ಯಾನನ್ನು ಕೇಳಿದ್ದರೆ ಈ ಮಾತನ್ನು ಬಿಟ್ಟಿಯಾಗಿ ಹೇಳುತ್ತಿದ್ದ. ಆದರೆ ಅವನು ಯಾವ ಥರದ ರೈಡರ್ ಅನ್ನೋದು ಇನ್ನೂ ತೀರ್ಮಾನವಾಗಿಲ್ಲ ನೋಡಿ.

ನಿಜ ಹೇಳಬೇಕೆಂದರೆ ಸೈಕಲ್ಲಿನ ದೊಡ್ಡ ಕೆಲಸಗಳು ಯಾವತ್ತೋ ಮುಗಿದಿದ್ದವು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ಮಾಡಿದ. ಆಳೆತ್ತರದ ಮುಂಚಕ್ರ ಹೋಯಿತು, ಹಿಂದಿನ ಚಕ್ರಕ್ಕೆ ಚೈನು ಬಂತು. 1888ರಲ್ಲಿ ಜಾನ್ ಬಾಯ್ಡ್ ಡನ್ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ. ಆಮೇಲೆ ಗೇರು, ಒಳ್ಳೆಯ ಬ್ರೇಕು ಸೇರಿದವು. ಅಲ್ಲಿಗೆ ಮನುಷ್ಯ ಮನೆಯಿಂದ ಕೆಲಸಕ್ಕೆ ಹೋಗಿ ಬರಲು ಬೇಕಾದದ್ದೆಲ್ಲ ಸಿಕ್ಕಿತ್ತು. ಸಿಕ್ಕಿಬಿಟ್ಟರೆ ಮಾರುವುದೇನನ್ನು?

ಅದಕ್ಕೆ ಒಂದು ಉಪಾಯ ಹೂಡಿದರು. ಸೈಕಲ್ಲಿಗೆ ಹೊಸದೇನನ್ನೋ ಸೇರಿಸುವುದು ಕಷ್ಟ, ಇದ್ದದ್ದನ್ನು ಕಿತ್ತುಹಾಕುವುದು ಸುಲಭ. ಮೊದಲು ಚೈನ್ ಕವರ್ ಹೋಯಿತು. ಆಮೇಲೆ ಕ್ಯಾರಿಯರ್, ಸ್ಟ್ಯಾಂಡ್, ಮಡ್‌ಗಾರ್ಡ್, ಲೈಟು. ಒಂದೊಂದು ಕಿತ್ತಾಗಲೂ ಸೈಕಲ್ ಹಗುರವಾಯಿತು, ಬೆಲೆ ಭಾರವಾಯಿತು. ತೀರಾ ಮೇಲ್ದರ್ಜೆಯ ಸೈಕಲ್‌ಗಳು ಈಗ ಪೆಡಲ್ ಇಲ್ಲದೆಯೇ ಬರುತ್ತವೆ. ತಮಾಷೆಯಲ್ಲ. 'ಪೆಡಲ್ ಎಲ್ಲಿ?' ಎಂದರೆ, ಒಬ್ಬೊಬ್ಬರ ಶೂಗೂ ಒಂದೊಂದು ಥರ ಬೇಕಾಗುತ್ತದೆ, ನಿಮಗೆ ಬೇಕಾದ್ದನ್ನು ನೀವೇ ಆರಿಸಿಕೊಳ್ಳಿ ಎನ್ನುತ್ತಾರೆ. ಸರಿ, ಪೆಡಲ್ ಆರಿಸಿದಿರಿ. ಆ ಪೆಡಲ್ಲಿಗೆ ಸಿಕ್ಕಿಕೊಳ್ಳುವಂತೆ ಅಡಿಯಲ್ಲಿ ಕೊಕ್ಕೆ ಇರುವ ಶೂ ಆರಿಸಿದಿರಿ. ಆ ಶೂ ಹಾಕಿಕೊಂಡು ನೆಲದ ಮೇಲೆ ನಡೆಯಲು ಬರುವುದಿಲ್ಲ ಎಂದು ಆಫೀಸಿನ ಮೆಟ್ಟಿಲ ಮೇಲೆ ಗೊತ್ತಾಗುತ್ತದೆ.

ಹಗುರ ಅಂದೆನಲ್ಲ, ಅದೊಂದು ವ್ರತ. ಸೈಕಲ್ ರೇಸಿನ ಅಂತರರಾಷ್ಟ್ರೀಯ ಸಂಸ್ಥೆ ಯುಸಿಐ 2000ದಿಂದ ಒಂದು ನಿಯಮ ಇಟ್ಟುಕೊಂಡಿದೆ. ರೇಸ್ ಸೈಕಲ್ 6.8 ಕಿಲೋಗಿಂತ ಹಗುರ ಇರುವಂತಿಲ್ಲ. ರೇಸಿನವರಿಗೇ ಅಷ್ಟು ಸಾಕು. ಆಫೀಸಿಗೆ ಹೋಗುವವರಿಗೆ ಸಾಲದು. ಅವರು ನೂರು ಗ್ರಾಂ ಉಳಿಸಲು ಸೀಟಿನ ಕಂಬ ಬದಲಾಯಿಸುತ್ತಾರೆ. ಆಮೇಲೆ ಒಂದು ಲೀಟರ್ ನೀರು, ಲ್ಯಾಪ್‌ಟಾಪ್, ಅದರ ಚಾರ್ಜರ್, ಬೆವರಿದರೆ ಇರಲಿ ಎಂದು ಇನ್ನೊಂದು ಜೊತೆ ಬಟ್ಟೆ ಬೆನ್ನಿಗೆ ಕಟ್ಟಿಕೊಂಡು ಹೊರಡುತ್ತಾರೆ. ಕ್ಯಾರಿಯರ್ ಇಲ್ಲವಲ್ಲ. ಮಡ್‌ಗಾರ್ಡೂ ಇಲ್ಲದ್ದರಿಂದ ಮಳೆ ನಿಂತ ಮೇಲೂ ಬೆನ್ನಿಗೆ ಕೆಸರಿನ ಉದ್ದ ಗೆರೆ ಬೀಳುತ್ತದೆ. ಬ್ಯಾಗಿಗೆ ಬಿದ್ದರೆ ಪುಣ್ಯ.

ಇಷ್ಟಾಗಿ ಆಫೀಸು ತಲುಪಿದರೆ ನಿಲ್ಲಿಸುವುದೆಲ್ಲಿ? ಒಂದೇ ಕೈಯಲ್ಲಿ ಎತ್ತಬಹುದಾದ ಸೈಕಲ್ಲನ್ನು ಕಳ್ಳನೂ ಒಂದೇ ಕೈಯಲ್ಲಿ ಎತ್ತುತ್ತಾನೆ. ಆದ್ದರಿಂದ ಸೈಕಲ್ ಹಗುರವಾದಷ್ಟೂ ಬೀಗ ದಪ್ಪವಾಗುತ್ತದೆ. ಮೂಗಿಗಿಂತ ಮೂಗುತಿ ಭಾರ. ಬೀಗ ಹಾಕಿ ಬಂದರೂ ಜೀವಕ್ಕೆ ಸಮಾಧಾನವಿಲ್ಲ, ಮೀಟಿಂಗಿನ ಮಧ್ಯೆ ಎದ್ದು ಕಿಟಕಿಯ ಹತ್ತಿರ ಹೋಗಿ ಇಣುಕುತ್ತಾರೆ. ಕೊನೆಗೆ ಬೇಸತ್ತು, ಕದ್ದರೂ ಬೇಜಾರಾಗದ ಒಂದು ಹಳೇ ಡಕೋಟಾ ಸೈಕಲ್ ತಂದುಕೊಳ್ಳುತ್ತಾರೆ. ದಿನಾ ಓಡಾಡುವುದು ಅದರಲ್ಲೇ. ಆಸೆಪಟ್ಟು ಕೊಂಡ ಸೈಕಲ್ ಹಾಲಿನ ಗೋಡೆಗೆ ನೇತುಬಿದ್ದಿರುತ್ತದೆ. ಮನೆಗೆ ಬಂದವರು ಅದರ ಹತ್ತಿರ ಹೋಗಿ, ಬೆರಳಿನಿಂದ ಟಕ್ಕೆಂದು ಬಡಿದು, 'ಕಾರ್ಬನ್ ಫ್ರೇಮಾ?' ಎಂದು ಕೇಳಬೇಕು. ಕೇಳದಿದ್ದರೆ ಮನೆಯವರೇ ಹೇಳುತ್ತಾರೆ.

ಭಾನುವಾರ ಮಾತ್ರ ಅದು ಗೋಡೆಯಿಂದ ಇಳಿಯುತ್ತದೆ. ಇಳಿದು ನೇರ ಕಾರಿನ ತಲೆಯ ಮೇಲೆ ಕೂರುತ್ತದೆ. ಒಳ್ಳೆಯ ರಸ್ತೆ ಇರುವ ಜಾಗಕ್ಕೆ ಕಾರಿನಲ್ಲಿ ಹೋಗಿ, ಸೈಕಲ್ ಇಳಿಸಿ, ಒಂದು ದೊಡ್ಡ ಸುತ್ತು ಹಾಕಿ, ಹೊರಟ ಜಾಗಕ್ಕೇ ವಾಪಸ್ ಬಂದು, ಮತ್ತೆ ಕಾರಿನ ಮೇಲೆ ಕಟ್ಟಿಕೊಂಡು ಮನೆಗೆ ಬರುತ್ತಾರೆ. ಸೋಮವಾರ ಅದೇ ಕಾರು ನಾಲ್ಕು ಕಿಲೋಮೀಟರ್ ದೂರದ ಆಫೀಸಿಗೆ ಹೊರಡುತ್ತದೆ. ಹಳೇ ಸೈಕಲ್ ಪಂಕ್ಚರ್ ಆಗಿರುತ್ತದೆ, ಹೊಸ ಸೈಕಲ್ 'ಅದಕ್ಕಲ್ಲ'.

ಎಷ್ಟು ಸೈಕಲ್ ಇದ್ದರೆ ಸಾಕು ಎಂಬುದಕ್ಕೆ ಸೈಕಲ್ ಮಂದಿಯಲ್ಲಿ ಒಂದು ಸೂತ್ರವೇ ಇದೆ, ಎನ್+1. ಎನ್ ಅಂದರೆ ಈಗ ನಿಮ್ಮ ಹತ್ತಿರ ಇರುವಷ್ಟು. ಗಣಿತದಲ್ಲಿ ಫೇಲಾದವರೂ ಇದನ್ನು ಮರೆಯುವುದಿಲ್ಲ. ಇದರ ಜೊತೆಗೆ ಎಸ್-1 ಎಂಬ ಇನ್ನೊಂದು ಸೂತ್ರವೂ ಉಂಟು. ಎಸ್ ಅಂದರೆ, ಎಷ್ಟು ಸೈಕಲ್ ಆದಾಗ ಸಂಸಾರ ಮುರಿಯುತ್ತದೋ ಅಷ್ಟು. ಮಡಚುವ ಸೈಕಲ್ ಬಂದ ಮೇಲೆ ಈ ಎರಡನೇ ಸೂತ್ರಕ್ಕೆ ಸ್ವಲ್ಪ ರಿಯಾಯಿತಿ ಸಿಕ್ಕಿದೆ. ಅದು ಮಂಚದ ಕೆಳಗೆ ಹಿಡಿಸುತ್ತದೆ.

ಈ ಮಧ್ಯೆ ವಿಶ್ವಸಂಸ್ಥೆ 2018ರಲ್ಲಿ ಜೂನ್ 3ನ್ನು ವಿಶ್ವ ಸೈಕಲ್ ದಿನ ಎಂದು ಘೋಷಿಸಿತು. ಸೈಕಲ್ ಸರಳ, ಕೈಗೆಟಕುವ, ನಂಬಬಹುದಾದ ಸಾಧನ ಎಂದು ಆ ನಿರ್ಣಯದಲ್ಲಿ ಹೊಗಳಿದ್ದಾರೆ. ಬರೆದವರು ಇತ್ತೀಚೆಗೆ ಸೈಕಲ್ ಅಂಗಡಿಗೆ ಹೋಗಿರಲಿಕ್ಕಿಲ್ಲ.

ತಯಾರಕರು ಮಾತ್ರ ಸುಮ್ಮನೆ ಕೂತಿಲ್ಲ. ಕೆಲಸಕ್ಕೆ ಹೋಗಿ ಬರುವವರ ಕಷ್ಟ ಅವರಿಗೂ ಅರ್ಥವಾಗಿದೆ. ಬಹಳ ಯೋಚಿಸಿ 'ಅರ್ಬನ್ ಯುಟಿಲಿಟಿ' ಎಂಬ ಹೊಚ್ಚ ಹೊಸ ಜಾತಿಯನ್ನೇ ಇಳಿಸಿದ್ದಾರೆ. ಬೆನ್ನು ನೆಟ್ಟಗೆ ಇಟ್ಟುಕೊಂಡು ಕೂರಬಹುದು. ಚಕ್ರದ ಮೇಲೆ ಕೆಸರು ತಡೆಯುವ ತಗಡಿದೆ. ಹಿಂದೆ ಸಾಮಾನು ಇಡಲು ಜಾಗವಿದೆ. ಪ್ಯಾಂಟಿಗೆ ಗ್ರೀಸ್ ಹತ್ತದಂತೆ ಚೈನಿಗೆ ಮುಚ್ಚಳವಿದೆ. ಬೆರಳಿನಿಂದ ಒತ್ತಿದರೆ ಟ್ರಿಣ್ ಎನ್ನುವ ಒಂದು ಸಾಧನವೂ ಇದೆ. ಬಣ್ಣ ಸದ್ಯಕ್ಕೆ ಕಪ್ಪು ಒಂದೇ.