ಅಂಚು ಸವರಿದರೆ ಎಂಟು ಅಂಕ

1909ರಿಂದ 1911ರವರೆಗೆ ಅಮೆರಿಕನ್ ಟೊಬ್ಯಾಕೊ ಕಂಪನಿ ಸಿಗರೇಟ್ ಪ್ಯಾಕಿನೊಳಗೆ ಬೇಸ್‌ಬಾಲ್ ಆಟಗಾರರ ಚಿತ್ರವಿದ್ದ ರಟ್ಟಿನ ಚೂರೊಂದನ್ನು ಇಡುತ್ತಿತ್ತು. ಅಗಲ ಒಂದೂವರೆ ಇಂಚಿಗೂ ಚೂರು ಕಡಿಮೆ. ಪ್ಯಾಕು ನಜ್ಜುಗುಜ್ಜಾಗದಂತೆ ಆನಿಕೆ ಕೊಡುವುದು, ಹಿಂಬದಿಯಲ್ಲಿ ಪೀಡ್ಮಾಂಟ್, ಸ್ವೀಟ್ ಕ್ಯಾಪೊರಲ್ ಎಂದು ಸಿಗರೇಟಿನ ಹೆಸರು ಸಾರುವುದು, ಇಷ್ಟೇ ಅದರ ಉದ್ಯೋಗ. ಟಿ206 ಎಂಬ ಆ ಸರಣಿಯ ಹೋನಸ್ ವ್ಯಾಗ್ನರ್ ಕಾರ್ಡು 2022ರಲ್ಲಿ 72.5 ಲಕ್ಷ ಡಾಲರಿಗೆ ಹೋಯಿತು.

ವ್ಯಾಗ್ನರ್ ತನ್ನ ಕಾರ್ಡನ್ನು ಬೇಗನೆ ನಿಲ್ಲಿಸಿದ್ದರಿಂದ ಉಳಿದವು ಅರವತ್ತರ ಆಸುಪಾಸು. ಮಕ್ಕಳು ತಂಬಾಕಿಗೆ ಬೀಳಬಾರದೆಂದು ತಡೆದನಂತೆ. ದುಡ್ಡು ಕೊಡಲಿಲ್ಲವೆಂದು ತಡೆದ ಅನ್ನುವವರೂ ಉಂಟು. ಪುಣ್ಯಾತ್ಮ ತಾನಂತೂ ತಂಬಾಕು ಅಗಿಯುತ್ತಿದ್ದ.

ಈಗ ಕಾರ್ಡಿಗಿಂತ ದೊಡ್ಡದು ಅದರ ಪ್ಲಾಸ್ಟಿಕ್ ಡಬ್ಬಿಯ ಮೇಲಿನ ಅಂಕ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಪರೀಕ್ಷಕ ಸಂಸ್ಥೆ ಹತ್ತಕ್ಕೆ ಇಷ್ಟೆಂದು ಕೊಡುವುದು. ಮೂಗಿಗಿಂತ ಮೂಗುತಿ ಭಾರ. ಮೂಲೆ ಸವೆದು ದುಂಡಗಾಗಿದ್ದರೆ ಒಂದೋ ಎರಡೋ, ಚೂಪಾಗಿದ್ದರೆ ಎಂಟು. ಹಾಗಾದರೆ ಅಂಚನ್ನು ಬ್ಲೇಡಿನಿಂದ ಕೂದಲೆಳೆಯಷ್ಟು ಸವರಿಬಿಟ್ಟರಾಯಿತಲ್ಲ? ಸಿಕ್ಕಿಬೀಳುವುದು ಇಲ್ಲೇ. ನೂರು ವರ್ಷದ ಅಂಚು ಕಂದಿರುತ್ತದೆ, ಹೊಸ ಬ್ಲೇಡಿನ ಅಂಚು ಬೆಳ್ಳಗೆ ಹಲ್ಲು ಕಿರಿಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಗದದ ನಾರು ಒಂದೇ ಏಟಿಗೆ ತುಂಡಾಗಿರುತ್ತದೆ. ಬರೀ ಸ್ಕೇಲು ಹಿಡಿದರೆ ಮಾತ್ರ ಕಳ್ಳ ಸಿಗುವುದಿಲ್ಲ, ಏಕೆಂದರೆ ಕಾರ್ಖಾನೆಯೇ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಿರಲಿಲ್ಲ. ಮೊದಲೇ ಅಗಲವಾಗಿ ಕತ್ತರಿಸಿದ ಕಾರ್ಡು ಸಿಕ್ಕಿದರೆ ಕಳ್ಳನಿಗೆ ಹಬ್ಬ.

ನಿಯಮದ ಪ್ರಕಾರ ಸವರಿದ ಕಾರ್ಡಿಗೆ ಅಂಕವೇ ಇಲ್ಲ. ಆದರೆ 1991ರಲ್ಲಿ ಐಸ್ ಹಾಕಿಯ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಬ್ಬನ ಜೊತೆ 4.51 ಲಕ್ಷ ಡಾಲರಿಗೆ ಕೊಂಡ ವ್ಯಾಗ್ನರ್ ಕಾರ್ಡಿಗೆ ಪಿಎಸ್‌ಎ ಎಂಬ ಪರೀಕ್ಷಕ ಸಂಸ್ಥೆ ಎಂಟು ಕೊಟ್ಟಿತು. ಅದು ಆ ಸಂಸ್ಥೆ ಅಂಕ ಕೊಟ್ಟ ಮೊಟ್ಟಮೊದಲ ಕಾರ್ಡು, ಬೋಣಿಯೇ ಭರ್ಜರಿ. 2007ರಲ್ಲಿ ಅದರ ಬೆಲೆ 28 ಲಕ್ಷ ಡಾಲರ್. 2013ರಲ್ಲಿ ಹರಾಜುದಾರ ಬಿಲ್ ಮಾಸ್ಟ್ರೊ ಕೋರ್ಟಿನಲ್ಲಿ ಒಪ್ಪಿಕೊಂಡ: ಅಂಚು ಸವರಿದ್ದು ನಾನೇ. ಹರಾಜಿನಲ್ಲಿ ಸುಳ್ಳು ಕೂಗು ಹಾಕಿಸಿದ ಮೋಸಕ್ಕೆ ಅವನಿಗೆ 20 ತಿಂಗಳ ಜೈಲಾಯಿತು. ಡಬ್ಬಿಯ ಮೇಲಿನ ಎಂಟಕ್ಕೆ ಏನೂ ಆಗಲಿಲ್ಲ.

ಅಚ್ಚಿನ ತಪ್ಪಿಗಂತೂ ಕಿರೀಟವೇ. ಇದೇ ಸರಣಿಯಲ್ಲಿ ಶೆರ್ರಿ ಮಗೀ ಎಂಬ ಆಟಗಾರನ ಹೆಸರಿನ ಕಾಗುಣಿತ ಕೆಡಿಸಿದ ಕಾರ್ಡು, ತಿದ್ದಿದ ಕಾರ್ಡಿಗಿಂತ ಎಷ್ಟೋ ಪಟ್ಟು ದುಬಾರಿ.

2022ರಲ್ಲೇ ಹರಿದುಹೋದ ಅರ್ಧ ವ್ಯಾಗ್ನರ್ 15 ಲಕ್ಷ ಡಾಲರ್ ದಾಟಿತು. ಬ್ಲೇಡು ಮುಟ್ಟಿಲ್ಲ, ಪ್ರಾಮಾಣಿಕವಾಗಿ ಹರಿದಿದೆ! ಇನ್ನರ್ಧ ಸಿಕ್ಕವರು ದಯವಿಟ್ಟು ಗೋಂದು ಹಚ್ಚಬೇಡಿ. ರಿಪೇರಿ ಮಾಡಿದ ಕಾರ್ಡಿಗೆ ಅಂಕ ಕೊಡುವುದಿಲ್ಲ.