ಒಂದು ನಿಮಿಷ ಕೇಳಿಸಿಕೊಳ್ಳಿ, ಸಾಕು

ಈಗಷ್ಟೇ ಆಫೀಸಿನ ಕಾಲ್ ಮುಗಿಯಿತು. ಕೋಪ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಟೀಮಿಗೆ ಹೊಸದಾಗಿ ಒಬ್ಬ ಹುಡುಗಿ ಸೇರಿದ್ದಾಳೆ. ಉತ್ತರ ಕರ್ನಾಟಕದವಳು. ಕಾಲ್‌ನಲ್ಲಿದ್ದ ಆರು ಜನಕ್ಕೂ ಕನ್ನಡ ಚೆನ್ನಾಗಿ ಬರುತ್ತದೆ. ಅವಳು ಹೇಳಿದ್ದು ಇಷ್ಟೇ: "ಈ ಫೈಲ್ ಓಪನ್ ಆಗವಲ್ದು ನೋಡ್ರಿ, ಮುಂಜಾನಿಂದ ಅದನ್ನ ನೋಡಾಕತ್ತೀನಿ." ಮಾತು ಮುಗಿಯುವ ಮೊದಲೇ ಒಬ್ಬರು, "ಅರ್ಥ ಆಗ್ತಿಲ್ಲಮ್ಮ, ಇಂಗ್ಲಿಷಲ್ಲೇ ಹೇಳಿಬಿಡು" ಅಂದರು. ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ಕಾಲ್ ಮುಗಿಯುವವರೆಗೂ ಬಾಯಿ ಬಿಡಲಿಲ್ಲ.

ಇದೇ ಆರು ಜನ ವಾರಕ್ಕೆ ಎರಡು ಸಲ ಸ್ಕಾಟ್ಲೆಂಡಿನ ಕ್ಲೈಂಟ್ ಜೊತೆ ಮಾತಾಡುತ್ತೇವೆ. ಚಿಕ್ಕದು ಅನ್ನೋಕೆ 'ವೀ', ಹೌದು ಅನ್ನೋಕೆ 'ಐ'. ಮೊದಮೊದಲು ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆದರೂ "ಸರಿಯಾಗಿ ಮಾತಾಡಿ" ಅಂತ ಅವರಿಗೆ ಯಾರೂ ಹೇಳಲಿಲ್ಲ. ರೆಕಾರ್ಡಿಂಗ್ ಹಾಕಿಕೊಂಡು ಮತ್ತೆ ಮತ್ತೆ ಕೇಳಿದೆವು. ಮೂರು ವಾರದಲ್ಲಿ ಕಿವಿ ಪಳಗಿತು. ಅಷ್ಟು ತಾಳ್ಮೆ ನಮ್ಮ ಹತ್ತಿರ ಇತ್ತು ಅಲ್ವಾ? ಇವತ್ತು ಹತ್ತು ಸೆಕೆಂಡ್ ಯಾಕೆ ಇರಲಿಲ್ಲ?

ಅವಳ ಮಾತಿನಲ್ಲಿ ನಮಗೆ ಗೊತ್ತಿಲ್ಲದ್ದು ಏನಿತ್ತು ಹೇಳಿ. 'ಆಗವಲ್ದು' ಅಂದರೆ 'ಆಗ ಒಲ್ಲದು'. ಒಲ್ಲೆ ಅನ್ನೋದು, ಒಲ್ಲದ ಮನಸ್ಸು ಅನ್ನೋದು ನಮಗೆಲ್ಲ ಗೊತ್ತಿರುವ ಮಾತೇ. 'ನೋಡಾಕತ್ತೀನಿ' ಅಂದರೆ ನೋಡಲಿಕ್ಕೆ ಹತ್ತಿದ್ದೇನೆ, ನೋಡುತ್ತಾ ಇದ್ದೇನೆ. ಇವೆರಡನ್ನು ಒಂದು ಸಲ ಹಿಡಿದರೆ ಬರವಲ್ದು, ಮಾಡಾಕತ್ತೀನಿ, ಹೋಗಾಕತ್ತೀನಿ ಎಲ್ಲ ತಾವಾಗಿಯೇ ಬಿಚ್ಚಿಕೊಳ್ಳುತ್ತವೆ. ಮನೆ ಮನಿ ಆಗುತ್ತದೆ, ತಲೆ ತಲಿ ಆಗುತ್ತದೆ. ಕುಂದಾಪುರದ ಕಡೆ ಹೋಗಬೇಕು ಅನ್ನೋದು 'ಹೋಯ್ಕ್', ಬರಬೇಕು ಅನ್ನೋದು 'ಬರ್ಕ್'. ಯಾರೂ ಬಾಯಿಗೆ ಬಂದ ಹಾಗೆ ತಿರುಚುತ್ತಿಲ್ಲ. ಪ್ರತಿಯೊಂದಕ್ಕೂ ಒಂದು ಲೆಕ್ಕ ಇದೆ, ಆ ಲೆಕ್ಕವನ್ನು ಕಿವಿ ಬೇಗ ಹಿಡಿಯುತ್ತದೆ.

ಎಷ್ಟು ಬೇಗ ಅನ್ನೋದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. 2004ರಲ್ಲಿ ಕ್ಲಾರ್ಕ್ ಮತ್ತು ಗ್ಯಾರೆಟ್ ಅನ್ನುವ ಇಬ್ಬರು ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯವರಿಗೆ ಸ್ಪ್ಯಾನಿಷ್ ಮತ್ತು ಚೀನೀ ಧಾಟಿಯ ಇಂಗ್ಲಿಷ್ ಕೇಳಿಸಿದರು. ಮೊದಲು ಎಲ್ಲರೂ ತಡವರಿಸಿದರು. ಒಂದು ನಿಮಿಷದೊಳಗೆ, ಕೆಲವೇ ವಾಕ್ಯ ಕೇಳುವಷ್ಟರಲ್ಲಿ, ಆ ತಡವರಿಕೆ ಬಹಳಷ್ಟು ಕಡಿಮೆಯಾಯಿತು. ಒಂದು ನಿಮಿಷ! ನಾವು ಅವಳಿಗೆ ಒಂದು ವಾಕ್ಯ ಮುಗಿಸಲೂ ಬಿಡಲಿಲ್ಲ.

ಇನ್ನೊಂದು ಪರೀಕ್ಷೆ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಮಿಟ್ಟರರ್ ಮತ್ತು ಮ್ಯಾಕ್ವೀನ್, 2009. ಇಂಗ್ಲಿಷ್ ಬಲ್ಲ ಡಚ್ಚರಿಗೆ ಸ್ಕಾಟಿಷ್ ಮತ್ತು ಆಸ್ಟ್ರೇಲಿಯನ್ ಇಂಗ್ಲಿಷಿನ ವಿಡಿಯೋ ತೋರಿಸಿದರು. ಕೆಲವರಿಗೆ ಇಂಗ್ಲಿಷ್ ಸಬ್‌ಟೈಟಲ್, ಕೆಲವರಿಗೆ ಡಚ್ ಸಬ್‌ಟೈಟಲ್, ಕೆಲವರಿಗೆ ಯಾವುದೂ ಇಲ್ಲ. ಆಮೇಲೆ ಅದೇ ಧಾಟಿಯ ಹೊಸ ಮಾತುಗಳನ್ನು ಕೇಳಿಸಿದಾಗ, ಇಂಗ್ಲಿಷ್ ಸಬ್‌ಟೈಟಲ್ ಓದಿದವರ ಕಿವಿ ಚುರುಕಾಗಿತ್ತು. ಡಚ್ ಅನುವಾದ ಓದಿದವರು, ಏನೂ ಓದದವರಿಗಿಂತ ಹಿಂದೆ ಬಿದ್ದರು. ಅರ್ಥ ಬೇರೆ ಭಾಷೆಯಲ್ಲಿ ಸಿಕ್ಕಿಬಿಟ್ಟರೆ ಕಿವಿ ಆ ಮಾತಿನ ಧಾಟಿಯನ್ನು ಕಲಿಯುವುದಿಲ್ಲ. ಇವತ್ತು "ಇಂಗ್ಲಿಷಲ್ಲೇ ಹೇಳಿಬಿಡು" ಅಂದಾಗ ನಾವು ಮಾಡಿಕೊಂಡದ್ದೂ ಇದೇ. ನಾಳೆಯೂ ಅವಳ ಮಾತು ನಮಗೆ ಇಷ್ಟೇ ಕಷ್ಟ ಆಗುತ್ತದೆ.

ಎರಡು ಭಾಷೆ ಇಟ್ಟುಕೊಂಡವರಿಗೆ ಇದು ಇನ್ನೂ ಸುಲಭ ಆಗಬೇಕಿತ್ತು. ನಮ್ಮ ಮನೆಮಾತು ತಮಿಳು ಅಂತ ನಿಮಗೆಲ್ಲ ಗೊತ್ತು. ಹವ್ಯಕರ ಬಾಯಲ್ಲಿ 'ಎನಗೆ' ಅನ್ನೋದನ್ನು ಮೊದಲ ಸಲ ಕೇಳಿದಾಗ ನನಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ನಮ್ಮಜ್ಜಿಯ 'ಎನಕ್ಕು' ಕಿವಿಯಲ್ಲಿ ಇತ್ತು. ಅದೇ ಹಳಗನ್ನಡದ 'ಎನಗೆ' ಕೂಡ ಹೌದು ಅಂತ ಆಮೇಲೆ ತಿಳಿದಾಗ ಎಷ್ಟು ಖುಷಿಯಾಗಿತ್ತು! ಮರಾಠಿ ಬಲ್ಲವರಿಗೆ ಧಾರವಾಡದ 'ಖರೆ', 'ಬರೋಬ್ಬರಿ' ಹೊಸದಲ್ಲ. ಯಾವ ಭಾಷೆ ಜೊತೆಗಿದ್ದರೂ ಎಲ್ಲೋ ಒಂದು ಕಡೆ ಕೈ ಹಿಡಿಯುತ್ತದೆ.

"ನಿಜವಾಗ್ಲೂ ಅರ್ಥ ಆಗಲ್ಲ, ಸುಮ್ನೆ ನಾಟಕ ಮಾಡ್ತೀವಾ?" ಅಂತ ಕೆಲವರು ಕೇಳುತ್ತೀರಿ. ನಾಟಕ ಅಂತ ನಾನು ಹೇಳುತ್ತಿಲ್ಲ. ಫೋನಿನಲ್ಲಿ, ಗದ್ದಲದಲ್ಲಿ, ವೇಗವಾಗಿ ಮಾತಾಡಿದರೆ ಕಷ್ಟವೇ. ಹಾಗಾದರೆ "ಇನ್ನೊಂದು ಸಲ ಹೇಳಮ್ಮ" ಅನ್ನಬಹುದಿತ್ತು. ಸ್ಕಾಟ್ಲೆಂಡಿನವರಿಗೆ ಹಾಗೇ ಅಂದಿದ್ದೆವು, ಹತ್ತು ಸಲ ಅಂದಿದ್ದೆವು. ಅವರ ಮಾತು ಅರ್ಥವಾಗದಿದ್ದರೆ ನಮ್ಮ ಕಿವಿಯ ತಪ್ಪು, ಇವಳ ಮಾತು ಅರ್ಥವಾಗದಿದ್ದರೆ ಇವಳ ಬಾಯಿಯ ತಪ್ಪು. ನನಗೆ ನೋವಾಗೋದು ಇಲ್ಲೇ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹೀಗೆ ಮಾಡಿದ್ದೆ. ಫೋನಿನಲ್ಲಿ ಒಬ್ಬ ಹಿರಿಯರು ತಮ್ಮ ಕಡೆಯ ಕನ್ನಡದಲ್ಲಿ ವಿಷಯ ಹೇಳುತ್ತಿದ್ದರು. "ಸರಿಯಾದ ಕನ್ನಡದಲ್ಲಿ ಹೇಳಿ ಸರ್" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇರಲಿ ಬಿಡವ್ವಾ" ಅಂತ ಫೋನ್ ಇಟ್ಟರು. ಅವರ ಕೆಲಸ ಏನಿತ್ತು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಇವತ್ತು ಆ ಹುಡುಗಿ ಸುಮ್ಮನಾದಾಗ ಮೊದಲು ನೆನಪಾದದ್ದು ಅವರೇ.

ಕಾಲ್ ಮುಗಿದ ಮೇಲೆ ಅವಳಿಗೆ ಫೋನ್ ಮಾಡಿದೆ. ಫೈಲಿನ ತೊಂದರೆ ಏನು ಅಂತ ನಿನ್ನ ಮಾತಲ್ಲೇ ಹೇಳು ಅಂದೆ. ಹೇಳಿದಳು. ಎರಡು ಪದ ಗೊತ್ತಾಗಲಿಲ್ಲ, ಕೇಳಿದೆ, ಬಿಡಿಸಿ ಹೇಳಿದಳು. ಆದರೆ ನಡುನಡುವೆ ನಿಲ್ಲಿಸಿ ನಿಲ್ಲಿಸಿ ಕೇಳುತ್ತಲೇ ಇದ್ದಳು: "ಅಕ್ಕಾರ, ನಾ ಹೇಳೋದು ತಿಳಿಯಾಕತ್ತೈತಿಲ್ರಿ?"