ಮಾತಿನ ಚಿಕಿತ್ಸೆಯ ಸಂಶೋಧನೆ ಕನ್ನಡದಲ್ಲೂ ಅಚ್ಚಾಗುವುದು ಕಡ್ಡಾಯವಾಗಬೇಕೇ?

ಕನ್ನಡ ನಾಡಿನ ಮಕ್ಕಳ ಮತ್ತು ರೋಗಿಗಳ ಮಾತನ್ನು ದಾಖಲಿಸಿಕೊಂಡು ನಡೆಸುವ ವಾಕ್-ಭಾಷಾ ಸಂಶೋಧನೆಯ ಪ್ರತಿಯೊಂದು ಪ್ರಬಂಧವೂ ಇಂಗ್ಲಿಷ್ ಜರ್ನಲಿನ ಜೊತೆಗೆ ಕನ್ನಡದಲ್ಲಿಯೂ ಪೂರ್ಣವಾಗಿ ಪ್ರಕಟವಾಗಲೇಬೇಕೆಂಬ ನಿಯಮ ಬೇಕೇ? ಪರವಾಗಿ ಶಿರಸಿಯಲ್ಲಿ ಸ್ಪೀಚ್ ಥೆರಪಿ ನಡೆಸುವವರೊಬ್ಬರು, ವಿರೋಧವಾಗಿ ಕಾರವಾರದಲ್ಲಿ ಹುಟ್ಟಿ ಬೆಳೆದು ಈಗ ಇದೇ ವಿಷಯದ ಪಾಠ ಹೇಳುವವರೊಬ್ಬರು ಬರೆದಿದ್ದಾರೆ.

ಪರ

ನನ್ನ ಕೊಠಡಿಗೆ ಬಂದ ನಾಲ್ಕೂವರೆ ವರ್ಷದ ಮಗುವಿನ ಮುಂದೆ ಹುಡುಗಿಯ ಚಿತ್ರವಿರುವ ಕಾರ್ಡು ಇಟ್ಟೆ. ಅದು ತಟ್ಟನೆ ‘ಕೂಸು’ ಎಂದಿತು. ಮುಂದಿನ ಚಿತ್ರದಲ್ಲಿ ಅದೇ ಹುಡುಗಿ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ‘ಅಕ್ಕ ಬಂತು’ ಎಂದಿತು. ಇದೇ ಮಗುವನ್ನು ಬೇರೆ ಊರಿನಲ್ಲಿ ಪರೀಕ್ಷಿಸಿದ್ದವರ ಅಂಕಪಟ್ಟಿಯನ್ನು ತಾಯಿ ಮಡಚಿ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದರು. ಅದರಲ್ಲಿ ಮೊದಲನೆಯ ಉತ್ತರಕ್ಕೆ ಪದ ತಪ್ಪೆಂದೂ ಎರಡನೆಯದಕ್ಕೆ ಲಿಂಗ ತಪ್ಪೆಂದೂ ಕೆಂಪು ಗುರುತು ಬಿದ್ದಿತ್ತು. ಹವ್ಯಕರ ಮನೆಯಲ್ಲಿ ಹುಡುಗಿಯೆಂದರೆ ಕೂಸು, ಹುಡುಗನೆಂದರೆ ಮಾಣಿ. ಹೆಂಗಸರನ್ನು ನಪುಂಸಕ ಲಿಂಗದಲ್ಲಿ ಹೇಳುವುದು ಆ ಮಾತಿನ ವ್ಯಾಕರಣವೇ ಹೊರತು ಮಗುವಿನ ದೋಷವಲ್ಲ. ಇದು ತಾಯಿಗೆ ಗೊತ್ತು, ಅಂಗನವಾಡಿ ಟೀಚರಿಗೂ ಗೊತ್ತು. ಗೊತ್ತಿಲ್ಲದೆ ಹೋದದ್ದು ಅಂಕ ಹಾಕಿದವರಿಗೆ. ಮಗುವಿಗೆ ನಿಜವಾಗಿ ಇದ್ದ ತೊಡಕು, ರ-ಕಾರದ ಬದಲು ಲ-ಕಾರ ಬರುವುದು, ಪಟ್ಟಿಯ ಕೊನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿತ್ತು.

ಇದಕ್ಕೆ ಸಂಶೋಧನೆಯ ಕೊರತೆ ಕಾರಣ ಎನ್ನುವುದು ಸುಲಭದ ಉತ್ತರ. ನನ್ನ ಅಭಿಪ್ರಾಯದಲ್ಲಿ, ಇರುವ ಸಂಶೋಧನೆ ಅದನ್ನು ತಿದ್ದಬಲ್ಲವರ ಕೈಗೆ ಸಿಗದಿರುವುದೇ ಕಾರಣ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಆರಂಭವಾಯಿತು. 1970ರಲ್ಲಿ ಅದರದೇ ಜರ್ನಲ್ ಹೊರಬಂತು. ಕನ್ನಡದ ಉಚ್ಚಾರಣಾ ಪರೀಕ್ಷೆ 1972ರಲ್ಲಿ ಆ ಜರ್ನಲಿನಲ್ಲಿಯೇ ಪ್ರಕಟವಾಯಿತು. ಪಾರ್ಶ್ವವಾಯುವಿನ ನಂತರ ಮಾತು ಕಳೆದುಕೊಂಡವರನ್ನು ಪರೀಕ್ಷಿಸುವ ವೆಸ್ಟರ್ನ್ ಅಫೇಸಿಯಾ ಬ್ಯಾಟರಿಯ ಕನ್ನಡ ರೂಪದ ಅಂಕಿಅಂಶ 2008ರಲ್ಲಿ ಬಂತು. ಇವೆಲ್ಲ ಕನ್ನಡದ ಬಗ್ಗೆ ನಡೆದ ಕೆಲಸಗಳು. ಆದರೆ ಇವುಗಳ ವಿವರಣೆ, ವಾದ, ತೀರ್ಮಾನ ಎಲ್ಲವೂ ಇಂಗ್ಲಿಷಿನಲ್ಲಿವೆ. ‘ಅಕ್ಕ ಬಂತು’ ಎಂಬುದನ್ನು ತಪ್ಪೆಂದು ಬರೆದ ಪ್ರಬಂಧವೊಂದು ಕನ್ನಡದಲ್ಲಿ ಅಚ್ಚಾಗಿದ್ದರೆ ಶಿರಸಿಯ ಹೈಸ್ಕೂಲ್ ಮೇಷ್ಟ್ರೊಬ್ಬರು ಒಂದು ಪೋಸ್ಟ್ ಕಾರ್ಡಿನಲ್ಲಿ ಅದನ್ನು ತಿದ್ದಿಬಿಡುತ್ತಿದ್ದರು. ಇಬ್ಬರು ಮೂವರು ಪರಿಶೀಲಕರು ಗುಟ್ಟಾಗಿ ಓದಿ ಒಪ್ಪುವುದನ್ನು ನಾವು ಪೀರ್ ರಿವ್ಯೂ ಎನ್ನುತ್ತೇವೆ. ಆ ಮಾತನ್ನು ಆಡುವ ಜನರೇ ಓದುವುದು ಅದಕ್ಕಿಂತ ಕಡಿಮೆ ದರ್ಜೆಯ ಪರಿಶೀಲನೆ ಎಂದು ನಾನು ಒಪ್ಪಲಾರೆ.

ಈ ಶಾಸ್ತ್ರದ ಒಲವುಗಳು ಬದಲಾಗುತ್ತ ಬಂದದ್ದನ್ನು ಗಮನಿಸಿದರೂ ಇದೇ ಕಾಣುತ್ತದೆ. ಅಮೆರಿಕದ ವಾಕ್ ತಜ್ಞರ ಸಂಘ 1936ರಲ್ಲಿ ತನ್ನ ಮೊದಲ ಜರ್ನಲನ್ನು ಆರಂಭಿಸಿದಾಗ ಉಗ್ಗು ಮತ್ತು ಉಚ್ಚಾರಣೆಗಳೇ ಮುಖ್ಯ ವಿಷಯಗಳಾಗಿದ್ದವು. 1960ರ ದಶಕದ ನಂತರ ಮಗುವಿನ ವ್ಯಾಕರಣ ಮುನ್ನೆಲೆಗೆ ಬಂತು. ಆಮೇಲೆ ನುಂಗುವ ತೊಂದರೆ, ಆಟಿಸಂ, ಕೋವಿಡ್ ಬಂದ ಮೇಲೆ ಫೋನು-ಲ್ಯಾಪ್‌ಟಾಪಿನ ಮೂಲಕ ಚಿಕಿತ್ಸೆ. ಪ್ರತಿ ಅಲೆಯೂ ಅಲ್ಲಿ ಎದ್ದು ಇಲ್ಲಿಗೆ ತಲುಪುತ್ತದೆ. ಮಕ್ಕಳ ಭಾಷೆಯ ತೊಂದರೆಯನ್ನು ಯಾವ ಹೆಸರಿನಿಂದ ಕರೆಯಬೇಕೆಂದು ತೀರ್ಮಾನಿಸಲು ನಡೆದ ಸಮಾಲೋಚನೆ 2016 ಮತ್ತು 2017ರಲ್ಲಿ ಪ್ರಕಟವಾಯಿತು. ಅದರಲ್ಲಿ ಪಾಲ್ಗೊಂಡ ತಜ್ಞರು ಇಂಗ್ಲಿಷ್ ಮಾತಾಡುವ ಆರು ದೇಶಗಳವರು. ‘ಡೆವಲಪ್‌ಮೆಂಟಲ್ ಲ್ಯಾಂಗ್ವೇಜ್ ಡಿಸಾರ್ಡರ್’ ಎಂಬ ಹೆಸರು ಅಲ್ಲಿ ನಿಶ್ಚಯವಾಯಿತು, ನಾವು ಬಳಸತೊಡಗಿದೆವು. ಶಿರಸಿಯ ಅಜ್ಜಿಗೆ ಅದನ್ನು ಹೇಳಲು ನನ್ನ ಬಳಿ ಇಂದಿಗೂ ಒಂದು ಪದವಿಲ್ಲ. ‘ಮಾತು ತಡ’ ಎನ್ನುತ್ತೇನೆ. ‘ಅದರ ಅಪ್ಪನೂ ತಡವಾಗಿಯೇ ಮಾತಾಡಿದ್ದ’ ಎಂದು ಅವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಚಿಕಿತ್ಸೆಗೆ ಸಿಗಬೇಕಾದ ಎರಡು ವರ್ಷ ಅಲ್ಲಿಗೆ ಕೈತಪ್ಪುತ್ತದೆ. ಪ್ರಬಂಧಗಳನ್ನು ಕನ್ನಡದಲ್ಲಿ ಬರೆಯದೆ ಪದಗಳು ಎಲ್ಲಿಂದ ಹುಟ್ಟಬೇಕು?

ಇನ್ನೊಂದು ಮಾತನ್ನು ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. 1939ರಲ್ಲಿ ಅಮೆರಿಕದ ಅಯೋವಾದಲ್ಲಿ ವೆಂಡೆಲ್ ಜಾನ್ಸನ್ ಅವರ ಮಾರ್ಗದರ್ಶನದಲ್ಲಿ ಒಬ್ಬ ವಿದ್ಯಾರ್ಥಿನಿ 22 ಅನಾಥ ಮಕ್ಕಳ ಮೇಲೆ ಪ್ರಯೋಗ ನಡೆಸಿದರು. ಸರಿಯಾಗಿ ಮಾತಾಡುತ್ತಿದ್ದ ಕೆಲವು ಮಕ್ಕಳಿಗೆ ‘ನೀನು ಉಗ್ಗುತ್ತೀಯ’ ಎಂದು ತಿಂಗಳುಗಟ್ಟಲೆ ಹೇಳಲಾಯಿತು. ಆ ಪ್ರಬಂಧ ಜರ್ನಲಿನಲ್ಲಿ ಬರಲೇ ಇಲ್ಲ, ಗ್ರಂಥಾಲಯದ ಕಪಾಟಿನಲ್ಲಿ ಉಳಿಯಿತು. 2001ರಲ್ಲಿ ಪತ್ರಿಕೆಯೊಂದು ಅದನ್ನು ಬಯಲಿಗೆಳೆದಾಗ ಆ ಮಕ್ಕಳು ಮುದುಕರಾಗಿದ್ದರು. ನಮ್ಮಲ್ಲಿ ಅಂಥ ಕ್ರೌರ್ಯ ನಡೆಯುತ್ತಿದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ದೂರದ ಕಾಲೇಜೊಂದರ ವಿದ್ಯಾರ್ಥಿಗಳು ನಮ್ಮ ಕಡೆಯ ಅಂಗನವಾಡಿಗಳಿಗೆ ಬಂದು ಮಕ್ಕಳ ಮಾತನ್ನು ರೆಕಾರ್ಡ್ ಮಾಡಿಕೊಂಡು, ತಾಯಂದಿರ ಸಹಿ ಪಡೆದು ಹೋದರು. ಆ ಪ್ರಬಂಧ ಹಣ ಕಟ್ಟಿ ಓದಬೇಕಾದ ಜರ್ನಲಿನಲ್ಲಿ ಬಂತು. ‘ನಮ್ಮ ಮಕ್ಕಳ ರಿಸಲ್ಟ್ ಎಂತಾಯ್ತು?’ ಎಂದು ಟೀಚರ್ ನನ್ನನ್ನು ಕೇಳಿದರು. ಉತ್ತರ ಕೊಡಲು ನಾನೂ ಆ ಪ್ರಬಂಧವನ್ನು ಓದಿರಲಿಲ್ಲ. 2025ರ ಜನವರಿಯಲ್ಲಿ ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ಸಾವಿರಾರು ಜರ್ನಲುಗಳ ಬಾಗಿಲು ತೆರೆದಿದೆಯಾದರೂ, ನನ್ನಂಥ ಖಾಸಗಿ ಚಿಕಿತ್ಸಕರು ಆ ಬಾಗಿಲಿನ ಹೊರಗೇ ಇದ್ದಾರೆ.

ಎರಡು ಭಾಷೆಯಲ್ಲಿ ಪ್ರಕಟಿಸುವುದು ಆಗದ ಮಾತೇನಲ್ಲ. ಬ್ರೆಜಿಲಿನ ವಾಕ್-ಶ್ರವಣ ತಜ್ಞರ ಸಂಘದ ‘ಕೋಡಾಸ್’ ಜರ್ನಲಿನಲ್ಲಿ ಪ್ರಬಂಧಗಳು ಪೋರ್ಚುಗೀಸಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಬರುತ್ತವೆ. ಐಚ್ಛಿಕವೆಂದು ಬಿಟ್ಟರೆ ಯಾರೂ ಮಾಡುವುದಿಲ್ಲ. 1970ರಿಂದ ಇಲ್ಲಿಯವರೆಗೆ ಐಚ್ಛಿಕವೇ ಆಗಿತ್ತಲ್ಲ!

ವಿರೋಧ

ಶಿರಸಿಯ ಸಹೋದ್ಯೋಗಿ ಹೇಳಿದ ಸಂಕಟಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯುವುದಿಲ್ಲ. ಅವರು ಸೂಚಿಸುವ ಮದ್ದು ಆ ರೋಗಕ್ಕೆ ಸಂಬಂಧಿಸಿದ್ದಲ್ಲ ಎಂಬುದಷ್ಟೇ ನನ್ನ ತಕರಾರು.

ಅಯೋವಾದ ಪ್ರಸಂಗವನ್ನೇ ನೋಡಿ. ಆ ಪ್ರಬಂಧ ಇಂಗ್ಲಿಷಿನಲ್ಲಿತ್ತು, ಆ ಮಕ್ಕಳ ಮಾತೂ ಇಂಗ್ಲಿಷೇ ಆಗಿತ್ತು. ಆರು ದಶಕಗಳ ಕಾಲ ಅದನ್ನು ಬಚ್ಚಿಟ್ಟದ್ದು ಭಾಷೆಯಲ್ಲ, ಕಪಾಟು. ಅಂಗನವಾಡಿ ಟೀಚರಿಗೆ ಉತ್ತರ ಸಿಗದಿದ್ದುದೂ ಹಾಗೆಯೇ: ಸಂಶೋಧಕರು ಮತ್ತೆ ಆ ಊರಿಗೆ ಬರಲಿಲ್ಲ. ಇಪ್ಪತ್ತು ಪುಟಗಳ ಕನ್ನಡ ಪ್ರಬಂಧ, ಅದರಲ್ಲಿ ಮೂರು ಕೋಷ್ಟಕ, ನಾಲ್ಕು ಸಂಖ್ಯಾಶಾಸ್ತ್ರದ ಪರೀಕ್ಷೆ, ಎಲ್ಲೋ ಒಂದು ಜಾಲತಾಣದಲ್ಲಿ ಬಿದ್ದಿದ್ದರೆ ಟೀಚರಿಗೆ ತಮ್ಮ ಮಕ್ಕಳ ವಿಷಯ ತಿಳಿಯುತ್ತಿತ್ತೇ? ಸಂಶೋಧನಾ ಪ್ರಬಂಧವೆಂಬುದು ಪರಿಣತರು ಪರಿಣತರಿಗಾಗಿ ಬರೆಯುವ ಬರಹ. ಅದನ್ನು ಕನ್ನಡಕ್ಕೆ ತಂದ ಮಾತ್ರಕ್ಕೆ ಅದು ತಾಯಂದಿರ ಓದಾಗುವುದಿಲ್ಲ.

‘ಕಡ್ಡಾಯ’ ಎಂಬ ಪದದ ಫಲವನ್ನು ನಮ್ಮ ವಿಶ್ವವಿದ್ಯಾಲಯಗಳು ಈಗಾಗಲೇ ಉಂಡಿವೆ. ಪಿಎಚ್‌ಡಿ ಮಹಾಪ್ರಬಂಧ ಸಲ್ಲಿಸುವ ಮೊದಲು ಜರ್ನಲಿನಲ್ಲಿ ಲೇಖನ ಪ್ರಕಟವಾಗಿರಬೇಕೆಂದು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2009ರ ನಿಯಮ ಹೇಳಿತು. ಸಂಶೋಧನೆಯ ಗುಣಮಟ್ಟ ಹೆಚ್ಚಲಿ ಎಂಬುದು ಆಶಯ. ಆದರೆ ಹಣ ಕಟ್ಟಿದರೆ ವಾರದೊಳಗೆ ಅಚ್ಚು ಹಾಕಿಕೊಡುವ ಜರ್ನಲುಗಳು ಮಳೆಗಾಲದ ಅಣಬೆಯಂತೆ ಎದ್ದವು. ಅವುಗಳನ್ನು ಸೋಸಲು ‘ಕೇರ್’ ಎಂಬ, ಒಪ್ಪಬಹುದಾದ ಜರ್ನಲುಗಳ ಪಟ್ಟಿಯನ್ನು ಯುಜಿಸಿ ಮಾಡಬೇಕಾಯಿತು. ಪ್ರಸಿದ್ಧ ಜರ್ನಲುಗಳ ಹೆಸರಿನಲ್ಲಿಯೇ ನಕಲಿ ಜಾಲತಾಣಗಳು ಹುಟ್ಟಿಕೊಂಡವು. ಕೊನೆಗೆ 2022ರ ನಿಯಮದಲ್ಲಿ ಪ್ರಕಟಣೆಯ ಕಡ್ಡಾಯವನ್ನೇ ಕೈಬಿಡಲಾಯಿತು, 2025ರಲ್ಲಿ ಆ ಪಟ್ಟಿಯನ್ನೂ ನಿಲ್ಲಿಸಲಾಯಿತು. ಕನ್ನಡದ ಕಡ್ಡಾಯಕ್ಕೂ ಬೇರೆ ಗತಿ ಇರಲಾರದು. ಯಂತ್ರಕ್ಕೆ ಕೊಟ್ಟು ಅನುವಾದಿಸಿದ ಪುಟಗಳನ್ನು ಪ್ರಬಂಧಕ್ಕೆ ಲಗತ್ತಿಸುತ್ತಾರೆ, ಪರೀಕ್ಷಕರು ಅದನ್ನು ತೆರೆಯದೆ ಸಹಿ ಹಾಕುತ್ತಾರೆ. ನಾನು ಪರೀಕ್ಷಕನಾಗಿ ಕುಳಿತವನು, ಆದ್ದರಿಂದ ಇದನ್ನು ಧೈರ್ಯವಾಗಿ ಹೇಳಬಲ್ಲೆ.

ಬ್ರೆಜಿಲಿನ ಉದಾಹರಣೆಯೂ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಪದವಿಯ ಪಾಠ ನಡೆಯುವುದೇ ಪೋರ್ಚುಗೀಸಿನಲ್ಲಿ. ಬರೆಯುವವರು, ಪರಿಶೀಲಿಸುವವರು, ಓದುವವರು ಎಲ್ಲರೂ ಆ ಭಾಷೆಯಲ್ಲಿಯೇ ಈ ಶಾಸ್ತ್ರವನ್ನು ಕಲಿತವರು. ನಮ್ಮ ವಿದ್ಯಾರ್ಥಿ ನಾಲ್ಕಾರು ವರ್ಷ ಇಂಗ್ಲಿಷಿನಲ್ಲಿ ಓದಿ, ಇಂಗ್ಲಿಷಿನಲ್ಲಿ ಪರೀಕ್ಷೆ ಬರೆದು, ಕೊನೆಯ ಮೂರು ತಿಂಗಳಲ್ಲಿ ಕನ್ನಡದಲ್ಲಿ ಶಾಸ್ತ್ರ ಬರೆಯಬೇಕೆಂದರೆ ಅದು ತಳಪಾಯ ಬಿಟ್ಟು ಮಾಡು ಕಟ್ಟಿದಂತೆ. ತಳಪಾಯದ ಕೆಲಸ ಆರಂಭವಾಗುವುದಾದರೆ ನಾನೂ ಕಲ್ಲು ಹೊರುತ್ತೇನೆ.

‘ಅಕ್ಕ ಬಂತು’ ಎಂಬ ಉತ್ತರಕ್ಕೆ ಬಿದ್ದ ಕೆಂಪು ಗುರುತಿಗೆ ಇಂಗ್ಲಿಷನ್ನು ದೂರುವುದು ನನಗೆ ಸರಿಯೆನಿಸುವುದಿಲ್ಲ. ಆ ಗುರುತು ಹಾಕಿದ್ದು ಪಠ್ಯಪುಸ್ತಕದ ಕನ್ನಡ. ಹೈಸ್ಕೂಲ್ ಮೇಷ್ಟ್ರು ಪೋಸ್ಟ್ ಕಾರ್ಡು ಬರೆದು ತಿದ್ದುತ್ತಾರೆಂಬ ನಂಬಿಕೆ ನನ್ನ ಸಹೋದ್ಯೋಗಿಗಿದೆ; ನನ್ನ ಹೈಸ್ಕೂಲ್ ಮೇಷ್ಟ್ರು ಹಾಲಕ್ಕಿ ಹುಡುಗರ ಮಾತನ್ನು ತಿದ್ದಿ ತಿದ್ದಿ ಅವರ ಬಾಯಿ ಮುಚ್ಚಿಸಿದ್ದನ್ನು ನಾನು ಕಂಡವನು. ಇಂಗ್ಲಿಷ್ ಪ್ರಬಂಧ ಉಪಭಾಷೆಯನ್ನು ಅಲಕ್ಷಿಸಿದರೆ ಅದು ಅಜ್ಞಾನ. ಕನ್ನಡ ಪ್ರಬಂಧ ಅದನ್ನು ಶಿಷ್ಟ ಕನ್ನಡದ ಹೆಸರಿನಲ್ಲಿ ತಪ್ಪೆಂದು ಬರೆದರೆ ಅದಕ್ಕೊಂದು ಅಧಿಕಾರವೇ ಬಂದುಬಿಡುತ್ತದೆ. ಬೇಕಾದದ್ದು ಹವ್ಯಕ, ಹಾಲಕ್ಕಿ, ಸಿದ್ದಿ ಮಕ್ಕಳ ಮಾತಿನ ಮಾದರಿಗಳು, ಯಾವ ವಯಸ್ಸಿಗೆ ಯಾವ ಧ್ವನಿ ಬರುತ್ತದೆಂಬ ಅಂಕಿಅಂಶಗಳು. ಅವು ಯಾವ ಭಾಷೆಯಲ್ಲಿ ವರದಿಯಾಗುತ್ತವೆ ಎಂಬುದು ಆಮೇಲಿನ ಪ್ರಶ್ನೆ.

ನನ್ನ ಊರಿನ ಮಟ್ಟಿಗಂತೂ ಈ ನಿಯಮದ ಪೊಳ್ಳುತನ ಇನ್ನೂ ಬೇಗ ಬಯಲಾಗುತ್ತದೆ. ಕಾರವಾರದಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿ: ಮನೆಯಲ್ಲಿ ಕೊಂಕಣಿ, ಕಚೇರಿಯಲ್ಲಿ ಕನ್ನಡ, ಭಜನೆಯಲ್ಲಿ ಮರಾಠಿ. ಮಾತು ಮರಳುವಾಗ ಯಾವ ಭಾಷೆ ಮೊದಲು ಬರುತ್ತದೆ? ರೋಗಿ ಹೆಚ್ಚು ಬಳಸುತ್ತಿದ್ದ ಭಾಷೆ ಮೊದಲು ಮರಳುತ್ತದೆಂದು ಫ್ರಾನ್ಸಿನ ವೈದ್ಯ ಪಿತ್ರ್ 1895ರಲ್ಲಿ ಬರೆದರು. ಬಾಲ್ಯದ ನೆನಪುಗಳು ಹೆಚ್ಚು ಗಟ್ಟಿ ಎಂದು ಅದಕ್ಕೂ ಮೊದಲು ಅದೇ ದೇಶದ ಮನಶ್ಶಾಸ್ತ್ರಜ್ಞ ರಿಬೋ ವಾದಿಸಿದ್ದರು. ಇಂದಿಗೂ ಆ ಚರ್ಚೆ ಮುಗಿದಿಲ್ಲ. ಮೂರು ಭಾಷೆಗಳನ್ನು ದಿನವೂ ಹೊಸೆದು ಬದುಕುವ ಕಾರವಾರದವರು ಆ ಚರ್ಚೆಗೆ ಕೊಡಬಲ್ಲದ್ದು ಬಹಳವಿದೆ. ಅದು ಬಾರ್ಸಿಲೋನಾದಲ್ಲಿಯೂ ಮಾಂಟ್ರಿಯಲ್‌ನಲ್ಲಿಯೂ ಇದೇ ಪ್ರಶ್ನೆಯ ಹಿಂದೆ ಬಿದ್ದಿರುವವರಿಗೆ ತಲುಪಬೇಕು. ಸಂಶೋಧಕನಿಗೆ ಇರುವುದು ಒಂದೇ ಬರವಣಿಗೆಯ ಕೈ. ಅದರ ಅರ್ಧವನ್ನು ಯಾರೂ ಓದದ ಲಗತ್ತಿಗೆ ಕಡ್ಡಾಯವಾಗಿ ಒತ್ತೆಯಿಡುವುದು ನಷ್ಟದ ವ್ಯಾಪಾರ.

ಕಡ್ಡಾಯ ಮಾಡಲೇಬೇಕೆಂದಿದ್ದರೆ ನಾನು ಬೇರೆಯದನ್ನು ಮಾಡುತ್ತೇನೆ: ಮಾತನ್ನು ರೆಕಾರ್ಡ್ ಮಾಡಿದ ಊರಿಗೆ ಸಂಶೋಧಕ ಮರಳಿ ಹೋಗಿ, ಕಂಡದ್ದನ್ನು ಒಂದು ಗಂಟೆ ಕೂತು ಹೇಳಿ ಬರಬೇಕು. ಹೋದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ಕಾರವಾರದ ಬಂದರು ಪ್ರದೇಶವಾದ ಬೈತಖೋಲಿನ ಹತ್ತಿರದ ಅಂಗನವಾಡಿಗೆ ಹಾಗೆ ಕಳಿಸಿದ್ದೆ. ಮೀನು ಮಾರಿ ಬುಟ್ಟಿ ಹೊತ್ತೇ ಬಂದ ತಾಯಂದಿರು ಬಾಗಿಲ ಬಳಿ ಕೂತರು. ಅವಳು ಕನ್ನಡದಲ್ಲಿ ಬರೆದು ತಂದಿದ್ದ ಎರಡು ಹಾಳೆಯನ್ನು ಓದತೊಡಗಿದಳು. ಎರಡನೆಯ ವಾಕ್ಯಕ್ಕೆ ಟೀಚರ್ ಅವಳನ್ನು ತಡೆದು, ಹಾಳೆ ತೆಗೆದುಕೊಂಡು, ಉಳಿದದ್ದನ್ನೆಲ್ಲ ಕೊಂಕಣಿಯಲ್ಲಿ ಹೇಳಿದರು.